ಕರೆದವರ ಮನೆಗೆ ಚಳಿ

ನಮ್ಮೂರಿನಲ್ಲಿ ಚಳಿ ಎಲ್ಲರಿಗೂ ಬರುವುದಿಲ್ಲ. ವರ್ಷಕ್ಕೆ ಒಂದು ಮನೆಗೆ ಬರುತ್ತದೆ, ಅಲ್ಲೇ ಕೂರುತ್ತದೆ, ಮಾವು ಹೂ ಬಿಡುವ ಹೊತ್ತಿಗೆ ಎದ್ದು ಹೋಗುತ್ತದೆ. ಉಳಿದ ನೂರಾ ಹನ್ನೆರಡು ಮನೆಗಳಲ್ಲಿ ಜನ ಪುಷ್ಯ ಮಾಸದಲ್ಲೂ ಅಂಗಿ ಬಿಚ್ಚಿಟ್ಟು, ಜಗಲಿಯಲ್ಲಿ ಕೂತು, ಬೀಸಣಿಗೆ ಆಡಿಸುತ್ತ ಸಮುದ್ರಕ್ಕೆ ಬೈಯುತ್ತಿರುತ್ತಾರೆ. ಹೊರಗಿನಿಂದ ಬಂದವರಿಗೆ ಹೇಳಿದರೆ ನಂಬುವುದಿಲ್ಲ. ಕೂತು ನಂಬಿಸುವಷ್ಟು ಪುರುಸೊತ್ತು ನಮಗೂ ಇಲ್ಲ.

ನಾವು ಮಾಡುವುದಿಷ್ಟು. ಧನುರ್ಮಾಸ ಹಿಡಿದ ದಿನ ಪ್ರತಿ ಮನೆಯವರೂ ಒಂದು ಬಾಟಲಿ ತೆಂಗಿನೆಣ್ಣೆಯನ್ನು ಬೀದಿ ಕಡೆಯ ಕಿಟಕಿಯಲ್ಲಿ ಇಡುತ್ತಾರೆ. ಬೆಳಿಗ್ಗೆ ಎದ್ದವರು ಮೊದಲು ಅದನ್ನು ನೋಡಬೇಕು. ಎಣ್ಣೆ ತೆಳ್ಳಗಿದ್ದರೆ ಮುಖ ತೊಳೆಯಲು ಹೋಗಬಹುದು. ಬೆಳ್ಳಗೆ ಹೆಪ್ಪುಗಟ್ಟಿದ್ದರೆ ಆ ಮನೆಯ ಬಾಗಿಲಲ್ಲಿ ಚಳಿ ಬಂದು ನಿಂತಿದೆ ಎಂದು ಅರ್ಥ. ನಿಂತಿರುತ್ತದೆ ಅಷ್ಟೆ, ನುಗ್ಗುವುದಿಲ್ಲ. ಹೊತ್ತು ಮುಳುಗುವುದರೊಳಗೆ ಮನೆಯ ಹಿರಿಯರು ಹೊಸ್ತಿಲಲ್ಲಿ ನಿಂತು "ಬನ್ನಿ, ಒಳಗೆ ಬನ್ನಿ" ಎಂದು ಬಾಯಿ ತುಂಬ ಕರೆಯಬೇಕು. ಆಮೇಲೆ ಒಳಗೆ ಬರುತ್ತದೆ. ಯಾರು ಕರೆದರೋ ಅವರ ಮನೆಗೇ ಹೋಗುವುದು ಅದರ ಮರ್ಯಾದೆ. ಹಿಂದೊಮ್ಮೆ ಒಬ್ಬರು ಕರೆಯದೆ, ಬಾಗಿಲು ಎಳೆದುಕೊಂಡು, ಹೊಳೆ ದಾಟಿ ಮಗಳ ಮನೆಗೆ ಓಡಿಹೋದರಂತೆ. ಆ ವರ್ಷ ಊರಿನ ಎಲ್ಲ ಬಾಟಲಿಗಳೂ ಹೆಪ್ಪುಗಟ್ಟಿದವು, ಹೊಳೆಯ ಆಚೆಯವೂ ಸೇರಿ. ಆಮೇಲೆ ಯಾರೂ ಓಡಿಲ್ಲ.

ಚಳಿ ಕೂತ ಮನೆಯನ್ನು ಊರು ಕೈಬಿಡುವುದಿಲ್ಲ, ಅದನ್ನು ಮಾತ್ರ ಹೇಳಲೇಬೇಕು. ಊರಿಗೆಲ್ಲ ಸೇರಿ ಮೂವತ್ತನಾಲ್ಕು ಕಂಬಳಿಗಳಿವೆ. ಅಷ್ಟೂ ಅದೇ ದಿನ ಆ ಮನೆಗೆ ಹೋಗುತ್ತವೆ. ದಿನಕ್ಕೊಬ್ಬರಂತೆ ಬಿಸಿ ಗಂಜಿ, ಹುರುಳಿ ಸಾರು ಒಯ್ದು ಕೊಡುತ್ತಾರೆ. ಮೀನಿನವರು ಸಂಜೆ ಉಳಿದ ಬಂಗುಡೆಯನ್ನೂ ಅಂಜಲನ್ನೂ ಬುಟ್ಟಿಗಟ್ಟಲೆ ಅವರ ಪಡಸಾಲೆಯಲ್ಲಿ ಇಟ್ಟು ಹೋಗುತ್ತಾರೆ, ನಾಲ್ಕು ದಿನವಾದರೂ ಕೆಡುವುದಿಲ್ಲ. ಮಕ್ಕಳು ಸರದಿಯಲ್ಲಿ ಒಳಗೆ ಹೋಗಿ, ಎರಡು ಬೆರಳು ತುಟಿಗಿಟ್ಟುಕೊಂಡು, ಉಸಿರಿನ ಹೊಗೆ ಬಿಟ್ಟು ಬೀಡಿ ಸೇದಿದ ಆಟ ಆಡಿ ಬರುತ್ತಾರೆ. ನಾವೂ ಆಡಿದವರೇ.

ಆ ಮನೆಯಲ್ಲಿ ಎಲ್ಲರ ಉಸಿರೂ ಕಾಣಿಸುತ್ತದೆ. ನಾಲ್ಕು ಜನರಿದ್ದರೆ ಐದು ಉಸಿರು ಕಾಣಿಸುತ್ತದೆ. ಐದನೆಯದು ಯಾವುದಾದರೂ ಮೂಲೆಯಲ್ಲಿ, ಕೂತ ಮನುಷ್ಯನ ಬಾಯಿ ಇರುವಷ್ಟು ಎತ್ತರದಲ್ಲಿ, ಬಿಳಿಯಾಗಿ ಬಂದು ಕರಗುತ್ತದೆ, ಮತ್ತೆ ಬರುತ್ತದೆ. ಅದನ್ನು ನಾವು ನೆಂಟರು ಎನ್ನುತ್ತೇವೆ. ಅವರಿಗೆ ಒಂದು ಚಾಪೆ ಹಾಸುತ್ತೇವೆ, ಅತ್ತ ಕಾಲು ಚಾಚುವುದಿಲ್ಲ, ಅವರ ಎದುರು ಜಗಳವಾಡುವುದಿಲ್ಲ. ಹೋಗುವಾಗ ಅವರು ಸುಮ್ಮನೆ ಹೋಗುವ ವರ್ಷಗಳೇ ಹೆಚ್ಚು. ಕೆಲವು ವರ್ಷ ಮಾತ್ರ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಮನೆಯಲ್ಲಿ ಯಾರ ಉಸಿರು ಎಲ್ಲರಿಗಿಂತ ತೆಳುವಾಗಿದೆಯೋ ಅವರನ್ನು.

ನನ್ನ ಹೆಸರು ಜಲಜ. ಮಕ್ಕಳನ್ನು ಮೀಯಿಸುವುದು ನನ್ನ ಕೆಲಸ. ಈ ಊರಿನಲ್ಲಿ ಮೂವತ್ತು ವರ್ಷಗಳಿಂದ ಹುಟ್ಟಿದ ಮಕ್ಕಳೆಲ್ಲ ನನ್ನ ಚಾಚಿದ ಕಾಲುಗಳ ಮೇಲೆ ಮಲಗಿ, ಬಿಸಿನೀರು ಬಿದ್ದ ಕೂಡಲೆ ಊರು ಹಾರಿಹೋಗುವಂತೆ ಕಿರುಚಿ, ಆಮೇಲೆ ಸೋತು ನಿದ್ದೆ ಹೋದವರು. ಈಗ ಮೀಸೆ ತಿರುವಿಕೊಂಡು ದೋಣಿ ಹತ್ತುವ ಗಂಡಸರ ಮೂಗು ನೆಟ್ಟಗಿದ್ದರೆ ಅದು ನಾನು ತೀಡಿದ್ದು. ಈ ಮಾತನ್ನು ಅವರೆದುರೇ ಹೇಳುತ್ತೇನೆ, ಅದಕ್ಕೇ ನನ್ನನ್ನು ಕಂಡರೆ ಅವರಿಗೆ ಸ್ವಲ್ಪ ಸಂಕೋಚ.

ಆ ವರ್ಷ ನನ್ನ ಒಬ್ಬಳೇ ಮಗಳು ಯಮುನಾ ಹೆರಿಗೆಗೆ ನನ್ನ ಮನೆಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿತು. ತಿಂಗಳು ತುಂಬುವ ಮೊದಲೇ ಹುಟ್ಟಿದ್ದರಿಂದ ನನ್ನ ಅಂಗೈಯಿಂದ ಮೊಣಕೈವರೆಗಷ್ಟೇ ಇತ್ತು. ಊರ ಮಕ್ಕಳನ್ನೆಲ್ಲ ಎತ್ತಿದ ಕೈ ಅದನ್ನು ಎತ್ತುವಾಗ ಮೊದಲ ಸಲ ಹೆದರಿತು. ಬಾಣಂತಿಯ ಮಂಚದ ಕೆಳಗೆ ಕೆಂಡದ ಮಡಕೆ ಇಟ್ಟೆ, ಕಿಟಕಿಯ ಸಂದುಗಳಿಗೆ ಬಟ್ಟೆ ತುರುಕಿದೆ. ಎಂಟನೆಯ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ನನ್ನ ಬಾಟಲಿಯ ಎಣ್ಣೆ ಹೆಪ್ಪುಗಟ್ಟಿತ್ತು.

ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಕಡೆ ನೋಡಿದೆ. ಅಂಗಳದಲ್ಲಿ ಬಿಸಿಲು ಆಗಷ್ಟೇ ಬೀಳುತ್ತಿತ್ತು. ಮೆಟ್ಟಿಲ ಬಳಿ ಒಂದು ಕಡೆ ಮಾತ್ರ ಮರಳು ಒದ್ದೆಯಾಗಿತ್ತು, ಯಾರೋ ಚಪ್ಪಲಿ ಬಿಟ್ಟು ಕಾಯುತ್ತ ನಿಂತಿರುವಷ್ಟು ಜಾಗ.

ಪಕ್ಕದ ಮನೆ ಅಪ್ಪಿಯಕ್ಕನದು. ಅವರ ಕಿಟಕಿಗೂ ನನ್ನ ಕಿಟಕಿಗೂ ಮೂರು ಹೆಜ್ಜೆ ದೂರ. ಅವರು, ಅವರ ಗಂಡ ಸೂರಪ್ಪಣ್ಣ, ಇಬ್ಬರೇ. ಸೂರಪ್ಪಣ್ಣ ಬಲೆ ನೇಯುವವರು, ದಮ್ಮಿನ ಕಾಯಿಲೆ, ಎರಡು ವಾಕ್ಯ ಮಾತಾಡಿದರೆ ಮೂರನೆಯದಕ್ಕೆ ಕಾಯಬೇಕು. ನಾನು ಯೋಚಿಸದೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಯೋಚಿಸಿದೆ. ಐವತ್ತೆಂಟು ವರ್ಷ ಉಸಿರಾಡಿದ ಮನುಷ್ಯ ಒಂದು ಕಡೆ, ಎಂಟು ದಿನ ಉಸಿರಾಡಿದ ಮಗು ಒಂದು ಕಡೆ ಎಂದು ತೂಗಿ ನೋಡಿದೆ. ಆಮೇಲೆ ಮೂರು ಹೆಜ್ಜೆ ನಡೆದು ನನ್ನ ಬಾಟಲಿಯನ್ನು ಅವರ ಕಿಟಕಿಯಲ್ಲಿಟ್ಟು ಅವರದನ್ನು ತಂದೆ. ಊರಿನವರೆಲ್ಲ ಒಂದೇ ಗಾಣದಿಂದ ಎಣ್ಣೆ ತರುವುದು, ಬಾಟಲಿಗಳೂ ಒಂದೇ ಥರ. ಅವರ ಬೂಚು ತೆಂಗಿನ ನಾರಿನದು, ನನ್ನದು ಚಿಂದಿ ಬಟ್ಟೆಯದು. ಅದನ್ನೂ ಮರೆಯದೆ ಬದಲಾಯಿಸಿದೆ. ಅಷ್ಟು ಜಾಣತನ ನನ್ನಲ್ಲಿ ಇತ್ತು ಎಂದು ನನಗೇ ಗೊತ್ತಿರಲಿಲ್ಲ.

ಒಳಗೆ ಬಂದು ಹಂಡೆಗೆ ಬೆಂಕಿ ಮಾಡಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಂದಿನಂತೆ ಹಾಡು ಹೇಳುತ್ತ ಮೀಯಿಸಿದೆ. ಕಿವಿ ಮಾತ್ರ ಪಕ್ಕದ ಮನೆಯ ಕಡೆಗಿತ್ತು. ಬಿಸಿಲು ಅಂಗಳದ ನಡುವಿಗೆ ಬರುವವರೆಗೂ ಏನೂ ಕೇಳಿಸಲಿಲ್ಲ. ಆಮೇಲೆ ಅಪ್ಪಿಯಕ್ಕನ ಸ್ವರ, ಗಟ್ಟಿಯಾಗಿ, ಒಂದೇ ಸಲ.

"ಬನ್ನಿ, ಒಳಗೆ ಬನ್ನಿ."

ನನ್ನ ಮೆಟ್ಟಿಲ ಬಳಿಯ ಮರಳು ನೋಡನೋಡುತ್ತ ಒಣಗಿತು. ಅಷ್ಟು ಹೊತ್ತು ಅವರು ಯಾಕೆ ತಡ ಮಾಡಿದರು ಎಂದು ನಾನು ಆಗ ಕೇಳಿಕೊಳ್ಳಲಿಲ್ಲ. ಮಗುವಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿದೆ, ಅದು ಬಾಯಿ ಅಗಲಿಸಿ ಆಕಳಿಸಿತು. ನನಗೆ ಹೊಟ್ಟೆ ತುಂಬಿದಷ್ಟು ಸಮಾಧಾನವಾಯಿತು. ನಾಚಿಕೆಯ ಮಾತು, ಆದರೆ ಆದದ್ದು ಸಮಾಧಾನವೇ.

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಕಂಬಳಿ ಹೊತ್ತುಕೊಂಡು ಬಂತು. ನನ್ನ ಪಾಲಿನ ಎರಡು ಕಂಬಳಿಗಳನ್ನು ನಾನೂ ಒಯ್ಯಲೇಬೇಕಲ್ಲ. ಅಪ್ಪಿಯಕ್ಕನ ಹೊಸ್ತಿಲು ದಾಟಿದರೆ ಹಲ್ಲು ಕಟಕಟ ಅಂದವು. ಸೂರಪ್ಪಣ್ಣ ಕಂಬಳಿಗಳ ನಡುವೆ ಕೂತು ಮೂಗು ಮಾತ್ರ ಹೊರಗಿಟ್ಟಿದ್ದರು. ಹೊಗೆಯಂಥ ಉಸಿರು ಅವರಿಂದ ಬಿಟ್ಟು ಬಿಟ್ಟು ಬರುತ್ತಿತ್ತು. ಮೂಲೆಯಲ್ಲಿ, ಬಲೆಗಳನ್ನು ನೇತು ಹಾಕಿದ ಕಡೆ, ಹಾಸಿದ ಚಾಪೆಯ ಮೇಲೆ ಇನ್ನೊಂದು ಉಸಿರು ಸಾವಕಾಶವಾಗಿ ಬಂದು ಹೋಗುತ್ತಿತ್ತು. ನಾನು ಒಳಗೆ ಕಾಲಿಟ್ಟದ್ದೇ ಅದು ನಿಂತಿತು. ನಾನೂ ನಿಂತೆ. ಒಂದು, ಎರಡು, ಮೂರು ಎಂದು ಎಣಿಸುವಷ್ಟು ಹೊತ್ತು ಆ ಮೂಲೆಯಲ್ಲಿ ಏನೂ ಇರಲಿಲ್ಲ. ಆಮೇಲೆ ಉಸಿರು ಬಂತು. ಮೂಲೆಯಲ್ಲಲ್ಲ, ನನ್ನ ಮುಂದೆ, ಮೊಳದಷ್ಟು ದೂರದಲ್ಲಿ, ನಿಂತ ಮನುಷ್ಯನ ಎತ್ತರದಲ್ಲಿ.

ಅಪ್ಪಿಯಕ್ಕ ನನ್ನ ಕೈಯಿಂದ ಕಂಬಳಿ ತೆಗೆದುಕೊಂಡರು. "ನೆಂಟರಿಗೆ ನಿನ್ನ ಪರಿಚಯ ಉಂಟು ಅಂತ ಕಾಣ್ತದೆ ಜಲಜಾ" ಎಂದರು. ಕಂಬಳಿ ತಂದವರೆಲ್ಲ ನಕ್ಕರು. ಊರಿಗೆಲ್ಲ ನನ್ನ ಪರಿಚಯ ಇರುವಾಗ ಅವರಿಗೆ ಇರಬಾರದೇ ಎಂದು ಯಾರೋ ಹೇಳಿದರು. ನಾನೂ ನಕ್ಕೆ. ನನ್ನ ನಗುವಿನ ಹೊಗೆ ನೆಂಟರ ಉಸಿರಿನ ಹೊಗೆಯಲ್ಲಿ ಸೇರಿಹೋಯಿತು.

ಮಾರನೆಯ ದಿನದಿಂದ ಹೋಗದೆ ಇರಬೇಕೆಂದುಕೊಂಡೆ. ಹೋಗದಿದ್ದರೆ ಜನ ಕೇಳುತ್ತಾರೆ, ಗೋಡೆಗೆ ಗೋಡೆ ಹಚ್ಚಿದ ಮನೆ. ಅದಕ್ಕೇ ದಿನಾ ಹೋದೆ. ಗಂಜಿ ಒಯ್ದೆ, ಸೂರಪ್ಪಣ್ಣನ ಎದೆಗೆ ಬಿಸಿ ಎಣ್ಣೆ ಹಚ್ಚಿದೆ. ನಾನು ಕೂತ ಕಡೆ ನೆಂಟರು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ನಾನು ಉಸಿರು ಬಿಟ್ಟಾಗ ಅವರೂ ಬಿಡುತ್ತಿದ್ದರು, ನಾನು ಬಿಗಿಹಿಡಿದರೆ ಅವರೂ ಹಿಡಿಯುತ್ತಿದ್ದರು. ಹೊರಡುವಾಗ ಹೊಸ್ತಿಲವರೆಗೆ ಬಂದು ಕಳಿಸುತ್ತಿದ್ದರು. ಅವರು ಸಿಟ್ಟು ಮಾಡಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಮರ್ಯಾದೆಯಿಂದ ಕಾಯುವವರನ್ನು ಕಂಡರೆ ಏನು ಮಾಡುವುದು ಹೇಳಿ? ನನ್ನ ಬಾಗಿಲಿಗೆ ಬಂದಿದ್ದರು, ನಾನು ಕರೆದಿರಲಿಲ್ಲ, ಅದು ಅವರಿಗೆ ನೆನಪಿತ್ತು.

ಹನ್ನೆರಡನೆಯ ದಿನ ಮಗುವಿಗೆ ಪಾರಿಜಾತ ಎಂದು ಹೆಸರಿಟ್ಟೆವು. ಪಾರಿ ಎಂದು ಕರೆಯಲು ಸುಲಭ. ಚಳಿ ಕೂತ ಮನೆಯವರು ಇನ್ನೊಬ್ಬರ ಮನೆಗೆ ಹೋಗಬಾರದು, ಆದ್ದರಿಂದ ಅಪ್ಪಿಯಕ್ಕ ಬರಲಿಲ್ಲ. ತೊಟ್ಟಿಲಿಗೆ ಕಟ್ಟಲೆಂದು ಸೂರಪ್ಪಣ್ಣ ಬಲೆಯ ನೂಲಿನಲ್ಲಿ ಒಂದು ಗಿಳಿ ಹೆಣೆದು ಕಳಿಸಿದ್ದರು. ಬೆರಳುಗಳು ಸೆಟೆದುಕೊಂಡಿದ್ದಕ್ಕೋ ಏನೋ, ಒಂದು ರೆಕ್ಕೆ ಸಣ್ಣದಾಗಿತ್ತು. ಅದನ್ನು ಕಟ್ಟುವಾಗ ಯಮುನಾ "ಎಷ್ಟು ಚಂದ ಉಂಟಲ್ಲಮ್ಮಾ" ಎಂದಳು. ನಾನು ಅಡಿಗೆ ಮನೆಗೆ ಹೋಗಿ ಸುಮ್ಮನೆ ಪಾತ್ರೆಗಳ ಸದ್ದು ಮಾಡಿದೆ.

ಪಾರಿ ದಿನದಿನಕ್ಕೆ ತುಂಬಿಕೊಂಡಳು. ಕೆನ್ನೆ ಬಂತು, ಮಣಿಕಟ್ಟಿನಲ್ಲಿ ಮಡಿಕೆ ಬಂತು. ಗೋಡೆಯ ಆಚೆ ಸೂರಪ್ಪಣ್ಣ ತೆಳ್ಳಗಾದರು. ತಿಂಗಳು ತುಂಬುವ ಹೊತ್ತಿಗೆ ಅವರ ಉಸಿರು ಊದುಬತ್ತಿಯ ಹೊಗೆಯ ಎಳೆಯಷ್ಟಾಗಿತ್ತು. ನೆಂಟರು ಈಗ ನನ್ನ ಪಕ್ಕದಲ್ಲಿ ಕೂರುವುದನ್ನು ಬಿಟ್ಟು ಅವರ ತಲೆದಿಂಬಿನ ಬಳಿ ಕೂರುತ್ತಿದ್ದರು. ಗಂಜಿ ತಂದವರು ಅದನ್ನು ನೋಡಿ, ಪಾತ್ರೆ ಇಟ್ಟು, ದನಿ ತಗ್ಗಿಸಿ ಮಾತಾಡಿ ಹೋಗುತ್ತಿದ್ದರು. ಕಾಯಿಲೆಯ ಮನುಷ್ಯ, ಮೊದಲೇ ದಮ್ಮು, ಎಂದು ಬೀದಿಯಲ್ಲಿ ಹೇಳಿಕೊಳ್ಳುವುದು ಕೇಳಿಸುತ್ತಿತ್ತು. ಊರು ಆಗಲೇ ಅವರನ್ನು ಬಿಟ್ಟುಕೊಟ್ಟಾಗಿತ್ತು. ಮಾವು ಹೂ ಬಿಡಲು ಇನ್ನು ಹದಿನೈದು ದಿನ.

ಚಳಿ ಕೂತ ಮೂವತ್ತಮೂರನೆಯ ದಿನ ಬೆಳಿಗ್ಗೆ ನಾನು ಅವರ ಅಡಿಗೆ ಮನೆಯಲ್ಲಿ ಕಷಾಯ ಕಾಯಿಸುತ್ತಿದ್ದೆ. ಚಳಿ ಕೂತ ಮನೆಯಲ್ಲಿ ಒಲೆ ಉರಿಯುತ್ತದೆ, ಪಾತ್ರೆ ಕಾಯುತ್ತದೆ, ಆದರೆ ಶಾಖ ಒಲೆಯಿಂದ ಒಂದು ಗೇಣು ಆಚೆ ಬರುವುದಿಲ್ಲ. ಅಪ್ಪಿಯಕ್ಕ ಪಕ್ಕದಲ್ಲಿ ಬಂದು ಕೂತರು.

"ನಿನ್ನ ಕಿಟಕಿಯಲ್ಲಿರುವ ಬಾಟ್ಲಿ ಸರಿಯಾಗಿ ನೋಡಿದ್ದೀಯಾ ಜಲಜಾ?"

"ಎಂತಕ್ಕೆ?"

"ಅದ್ರ ಅಡಿಯಲ್ಲಿ ನಾಲ್ಕು ಮೆಂತೆ ಕಾಳು ಉಂಟು. ನಾನು ಹಾಕಿದ್ದು. ಕೂದ್ಲು ಉದುರ್ತದೆ ಅಂತ."

ನನ್ನ ಕೈಯಲ್ಲಿದ್ದ ಇಕ್ಕಳ ಒಲೆಯ ಮೇಲೆ ಬಿತ್ತು. ಇಡೀ ತಿಂಗಳು ಊರಿನ ಕಣ್ಣೆದುರು, ನನ್ನ ಕಣ್ಣೆದುರು, ನನ್ನ ಕಿಟಕಿಯಲ್ಲೇ ಆ ಕಾಳುಗಳು ಕೂತಿದ್ದವು. ಬೂಚು ಬದಲಾಯಿಸಿದ ಜಾಣೆ ನಾನು.

"ಅವತ್ತೇ ಗೊತ್ತಾಯ್ತಾ?" ಎಂದೆ.

"ಬೆಳಿಗ್ಗೆ ಕೈಯಲ್ಲಿ ತಗೊಂಡ ಕೂಡ್ಲೆ. ಬೂಚು ನಂದು, ಎಣ್ಣೆ ನಂದಲ್ಲ. ನನ್ನ ಕಾಳು ನಿನ್ನ ಕಿಟಕಿಯಲ್ಲಿ ಕಾಣ್ತಾ ಇತ್ತು. ಬಾಟ್ಲಿ ಹಿಡ್ಕೊಂಡು ನಿನ್ನ ಬಾಗಿಲಿಗೆ ಬಂದೆ, ಬೈಲಿಕ್ಕೇ ಬಂದೆ. ಒಳಗೆ ನೀನು ಹಾಡು ಹೇಳಿ ಮಗು ಮೀಯಿಸ್ತಾ ಇದ್ದಿ. ಹಾಗೇ ವಾಪಸ್ ಹೋದೆ."

"ಮತ್ತೆ ಯಾಕೆ ಕರ್ದದ್ದು ಅಪ್ಪಿಯಕ್ಕ? ಬಾಟ್ಲಿ ವಾಪಸ್ ಇಟ್ಟಿದ್ರೆ ಆಗ್ತಿತ್ತಲ್ಲ?"

"ಇವ್ರ ಹತ್ರ ಹೇಳ್ದೆ. ಇವ್ರು ಹಿಡಿದ ಬಲೆಯ ಸಾಲು ನೇಯ್ದು ಮುಗಿಸಿದ್ರು. ಆಮೇಲೆ, ಮಗು ಸಣ್ಣದು, ಕರಿ ಮಾರಾಯ್ತಿ ಅಂದ್ರು." ಅಪ್ಪಿಯಕ್ಕ ಒಲೆಯಿಂದ ಇಕ್ಕಳ ತೆಗೆದು ನನ್ನ ಮುಂದಿಟ್ಟರು. "ನೀನು ಬಂದು ಕೇಳಿದ್ರೆ ನಾವು ತಗೊಳ್ತಿದ್ದೆವು ಜಲಜಾ. ಇಬ್ರೂ ತಗೊಳ್ತಿದ್ದೆವು. ನೀನು ಕೇಳ್ಲಿಲ್ಲ, ಅದೊಂದು ನಂಗೆ ಇವತ್ತಿಗೂ ಆಗುದಿಲ್ಲ."

ಅವರು ಅಳಲಿಲ್ಲ, ಕೂಗಾಡಲಿಲ್ಲ. ಕೂದಲು ಹಿಡಿದು ಎಳೆದಿದ್ದರೆ ಬದುಕಿಕೊಳ್ಳುತ್ತಿದ್ದೆ. ನನಗಾದ ನಾಚಿಕೆಗೆ ಹೆಸರಿಲ್ಲ. ಆ ಚಳಿಯಲ್ಲೂ ಬೆನ್ನು ಬೆವರಿತು. ಇಕ್ಕಳ ಹಿಡಿದು ಕಷಾಯದ ಪಾತ್ರೆ ಇಳಿಸಿ "ನೆಂಟ್ರನ್ನು ನಾನು ಕರ್ಕೊಂಡು ಹೋಗ್ತೇನೆ" ಎಂದೆ.

"ಎಲ್ಲಿಗೆ? ನಿನ್ನ ಮನೆಯಲ್ಲಿ ಮಗು ಇಲ್ವಾ?"

"ಮನೆಗಲ್ಲ. ಅಳಿವೆಯ ಹತ್ರ ಹಳೇ ಉಪ್ಪಿನ ಕೊಟ್ಟಿಗೆ ಉಂಟಲ್ಲ, ಅಲ್ಲಿಗೆ. ಅದು ಯಾರ ಮನೆಯೂ ಅಲ್ಲ."

"ಒಮ್ಮೆ ಕೂತವ್ರು ನಡುವಲ್ಲಿ ಎದ್ದು ಹೋದದ್ದು ಉಂಟಾ? ಯಾರಾದ್ರೂ ಮಾಡಿದ್ದಾರಾ?"

"ಇಲ್ಲ. ಆದ್ರೆ ಅವ್ರು ಮೊದ್ಲು ಬಂದದ್ದು ನನ್ನ ಬಾಗಿಲಿಗೆ. ನಾನು ಕರೆದ್ರೆ ಬರ್ತಾರೆ."

ಅಪ್ಪಿಯಕ್ಕ ಬೇಡ ಎನ್ನಲಿಲ್ಲ. ಬೇಡ ಎನ್ನಬಹುದು ಎಂದು ನನಗೆ ಒಂದು ಆಸೆ ಇತ್ತು, ಅದನ್ನೂ ಹೇಳಿಬಿಡುತ್ತೇನೆ.

ಮನೆಗೆ ಬಂದು ಹಂಡೆಗೆ ನೀರು ತುಂಬಿದೆ. "ಬೆಳಿಗ್ಗೆ ಮೀಯಿಸಿದ್ದೀಯಲ್ಲಮ್ಮಾ" ಎಂದಳು ಯಮುನಾ. "ಬೆವೆತಿದ್ದಾಳೆ" ಎಂದೆ. ಬಚ್ಚಲಲ್ಲಿ ಕಾಲು ಚಾಚಿ ಕೂತು ಪಾರಿಯನ್ನು ಮಲಗಿಸಿಕೊಂಡೆ. ಎಣ್ಣೆ ಹಚ್ಚಿದೆ, ಮೂಗು ತೀಡಿದೆ, ಹುಬ್ಬು ತೀಡಿದೆ, ಬೆನ್ನು, ತೊಡೆ, ಹೆಬ್ಬೆರಳು, ಯಾವುದನ್ನೂ ಬಿಡಲಿಲ್ಲ. ನೀರು ಬಿದ್ದಾಗ ಅವಳು ಕಿರುಚಲಿಲ್ಲ, ಅಭ್ಯಾಸವಾಗಿತ್ತು, ಕಣ್ಣು ಅರಳಿಸಿ ನನ್ನನ್ನೇ ನೋಡಿದಳು. ಎರಡು ಹಂಡೆ ನೀರು ಖಾಲಿಯಾಯಿತು. ಒರೆಸಿ, ಹೊಗೆ ಹಿಡಿದು, ಸುತ್ತಿ ಯಮುನಾಳ ಮಡಿಲಲ್ಲಿಟ್ಟೆ. ಉಪ್ಪಿನ ಕೊಟ್ಟಿಗೆಯವರೆಗೆ ಹೋಗಿ ಬರುತ್ತೇನೆ ಎಂದೆ. "ಊಟಕ್ಕೆ ಬೇಗ ಬಾ, ಆರಿಹೋಗ್ತದೆ" ಎಂದಳು.

ಸೂರಪ್ಪಣ್ಣ ನಿದ್ದೆಯಲ್ಲಿದ್ದರು. ತಲೆದಿಂಬಿನ ಬಳಿ ನೆಂಟರು ಕೂತಿದ್ದರು, ಅವರ ಉಸಿರು ಸೂರಪ್ಪಣ್ಣನ ಮುಖದ ಮೇಲೆ ಬಾಗಿತ್ತು. ನಾನು ಎದುರಿಗೆ ಹೋಗಿ ಕೈ ಮುಗಿದೆ. "ತಪ್ಪಾಯ್ತು. ನನ್ನ ಬಾಗಿಲಿಗೆ ಬಂದಿದ್ರಿ, ನಾನು ಕರೀಲಿಲ್ಲ. ಈಗ ಕರೀತಿದ್ದೇನೆ. ಬನ್ನಿ, ನನ್ನ ಜೊತೆ ಬನ್ನಿ" ಎಂದೆ. ಮನೆಗೆ ಎನ್ನಲಿಲ್ಲ. ಮನೆಗೆ ಎನ್ನಬಾರದು ಎಂದು ಪಾರಿಯನ್ನು ಮೀಯಿಸುವಾಗಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ. ಆ ಉಸಿರು ನಿಂತಿತು. ಆಮೇಲೆ ನನ್ನ ಎಡ ಭುಜದ ಬಳಿ ಬಂತು.

ಅಪ್ಪಿಯಕ್ಕ ಬಾಗಿಲು ತೆರೆದು ಹಿಡಿದರು. ನಡು ಮಧ್ಯಾಹ್ನ. ಬೀದಿಯ ಎರಡೂ ಕಡೆ ಜಗಲಿಗಳಲ್ಲಿ ಜನ ಬೀಸಣಿಗೆ ಹಿಡಿದು ಕೂತಿದ್ದರು. ನನ್ನ ಬಾಯಿಯಿಂದ ಹೊಗೆ ಹೋಗುತ್ತಿರುವುದನ್ನು ನೋಡಿದರು, ನನ್ನ ಪಕ್ಕದಲ್ಲಿ ಇನ್ನೊಂದು ಹೊಗೆ ನಡೆದು ಬರುವುದನ್ನೂ ನೋಡಿದರು. ಒಬ್ಬೊಬ್ಬರೇ ಕಾಲು ಒಳಗೆಳೆದುಕೊಂಡರು. ಬೀಸಣಿಗೆಗಳು ನಿಂತವು. ಎಲ್ಲಿಗೆ ಜಲಜಕ್ಕ ಎಂದು ಯಾರೂ ಕೇಳಲಿಲ್ಲ. ನಾನು ಮೂಗು ತೀಡಿದ ಗಂಡಸರೆಲ್ಲ ನೆಲ ನೋಡಿದರು. ನನ್ನ ಮನೆಯ ಮುಂದೆ ಬಂದಾಗ ಹೆಜ್ಜೆ ಜೋರು ಮಾಡಿದೆ. ಒಳಗೆ ಯಮುನಾ ಜೋಗುಳ ಹೇಳುತ್ತಿದ್ದಳು. ನೆಂಟರು ಒಂದು ಗಳಿಗೆ ನಿಂತರು, ನನಗೆ ಜೀವವೇ ಹೋಯಿತು. ಆಮೇಲೆ ಬಂದರು.

ಸೂರಪ್ಪಣ್ಣ ಅವತ್ತು ಸಂಜೆಯೇ ಎದ್ದು ಕೂತರಂತೆ. ಅವರ ಉಸಿರು ಯಾರಿಗೂ ಕಾಣಿಸಲಿಲ್ಲವಂತೆ. ಅಪ್ಪಿಯಕ್ಕ ಹೊಳೆ ಸಮುದ್ರ ಸೇರುವ ಅಳಿವೆಯವರೆಗೆ ಬಂದು, ದೂರದಲ್ಲೇ ನಿಂತು, ಕೂಗಿ ಹೇಳಿ ಹೋದರು. ಆಗ ನನಗೆ ಬಿಕ್ಕಿ ಬಿಕ್ಕಿ ಅಳು ಬಂತು.

ಮಾವು ಹೂ ಬಿಟ್ಟಿತು. ನಾನು ಕೊಟ್ಟಿಗೆಯ ಬಾಗಿಲು ತೆರೆದಿಟ್ಟು, ಹೋಗಿಬನ್ನಿ ಎಂದು ಹೇಳುವ ಮಾತುಗಳನ್ನೆಲ್ಲ ಹೇಳಿ ಕಾದೆ. ಅವರು ಹೋಗಲಿಲ್ಲ. ಕಾಯಿ ಬಿಟ್ಟಿತು, ಹಣ್ಣಾಯಿತು, ಮಳೆ ಬಂತು. ಮನೆಗೆ ಕರೆದರೆ ಚಳಿಗಾಲಕ್ಕೆ ಬಂದು ಹೋಗುತ್ತಾರೆ. ನಾನು ನನ್ನ ಜೊತೆ ಬನ್ನಿ ಎಂದಿದ್ದೆ. ಮರ್ಯಾದಸ್ಥರು, ಹೇಳಿದಂತೆಯೇ ನಡೆದುಕೊಂಡರು.

ಅದಾಗಿ ಆರು ವರ್ಷವಾಯಿತು. ಊರಿನಲ್ಲಿ ಯಾರ ಎಣ್ಣೆಯೂ ಹೆಪ್ಪುಗಟ್ಟಿಲ್ಲ. ಮೊದಲ ಎರಡು ವರ್ಷ ಬಾಟಲಿ ಇಟ್ಟರು, ಆಮೇಲೆ ಅದೂ ಬಿಟ್ಟರು. ಮೂವತ್ತನಾಲ್ಕು ಕಂಬಳಿಗಳೂ ನನ್ನ ಹತ್ತಿರವೇ ಇವೆ. ಮೀನಿನವರಿಗೆ ಈಗ ವರ್ಷವಿಡೀ ಅನುಕೂಲ, ಬೇಸಗೆಯಲ್ಲೂ ಬುಟ್ಟಿಗಳನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ ಹೋಗುತ್ತಾರೆ. ಸೆಕೆಗೆ ತಡೆಯಲಾರದವರು ಬಂದು ಹತ್ತು ಮಾರು ಆಚೆ ಕೂತು ತಣ್ಣಗಾಗುತ್ತಾರೆ. ಸೂರಪ್ಪಣ್ಣ ಬಲೆ ತಂದು ಅಲ್ಲೇ ಕೂತು ನೇಯುತ್ತ ಎರಡು ವಾಕ್ಯ ಕೂಗುತ್ತಾರೆ, ನಾನು ಮೂರನೆಯದಕ್ಕೆ ಕಾಯುತ್ತೇನೆ. ಮಕ್ಕಳನ್ನು ಮೀಯಿಸಲು ಈಗ ಗುಲಾಬಿ ಎಂಬುವವಳು ಹೋಗುತ್ತಾಳೆ. ಮಗುವಿನ ತಲೆಯನ್ನು ಸರಿಯಾಗಿ ಹಿಡಿದು ಮೂಗು ತೀಡಲು ಅವಳಿಗೆ ಇನ್ನೂ ಬಂದಿಲ್ಲ, ಈಗಿನ ಮಕ್ಕಳ ಮೂಗು ನೋಡಿದರೆ ತಿಳಿಯುತ್ತದೆ. ಜನ ಯಾವುದಕ್ಕೂ ಒಗ್ಗಿಕೊಳ್ಳುತ್ತಾರೆ. ನಾನೂ ಒಗ್ಗಿಕೊಂಡಿದ್ದೇನೆ. ಬೆಳಿಗ್ಗೆ ಎದ್ದರೆ ಪಕ್ಕದಲ್ಲಿ ಒಂದು ಉಸಿರು, ಮಲಗುವಾಗ ಪಕ್ಕದಲ್ಲಿ ಒಂದು ಉಸಿರು. ಇತ್ತೀಚೆಗೆ ನನ್ನದಕ್ಕಿಂತ ಅದೇ ದಪ್ಪವಾಗಿದೆ.

ಯಮುನಾ ನನ್ನ ಮನೆಯಲ್ಲೇ ಉಳಿದಳು, ಅಳಿಯನೂ ಅಲ್ಲಿಗೇ ಬಂದ. ನಾಲ್ಕು ವರ್ಷ ತುಂಬಿದ ಮೇಲೆ ಮಧ್ಯಾಹ್ನದ ಬುತ್ತಿ ತರುವುದು ಪಾರಿಯ ಕೆಲಸವಾಯಿತು. ಮೆಟ್ಟಿಲ ಕಲ್ಲಿನ ಮೇಲೆ ಬುತ್ತಿ ಇಟ್ಟು, ಹತ್ತು ಮಾರು ಹಿಂದಕ್ಕೆ ಓಡಿ, ನಾನು ಉಣ್ಣುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಊರಿನ ಸುದ್ದಿಯೆಲ್ಲ ಅವಳಿಂದಲೇ ನನಗೆ. ಬೆಕ್ಕು ಮರಿ ಹಾಕಿದ್ದು, ಹಲ್ಲು ಅಲ್ಲಾಡುತ್ತಿರುವುದು, ಅಪ್ಪ ಬೈದದ್ದು. ಒಂದು ದಿನ, "ಅಜ್ಜೀ, ನೆಂಟ್ರು ನಿನ್ನನ್ನು ಎತ್ಕೊಳ್ತಾರಾ?" ಎಂದು ಕೇಳಿದಳು. "ಇಲ್ಲ, ಸುಮ್ನೆ ಕೂತಿರ್ತಾರೆ" ಎಂದೆ. "ಮತ್ತೆ ಅವ್ರು ಎಂತಕ್ಕೆ?" ಎಂದಳು. ನಾನು ಇಡೀ ದಿನ ಅದನ್ನು ನೆನೆಸಿಕೊಂಡು ನಕ್ಕೆ.

ಹೋದ ವಾರ ಬುತ್ತಿ ಇಡಲು ಬಂದವಳು ಮೆಟ್ಟಿಲಲ್ಲಿ ಜಾರಿದಳು. ನನ್ನ ಬಾಗಿಲ ಕಲ್ಲಿನಲ್ಲಿ ಸದಾ ನೀರು ಇಳಿಯುತ್ತಿರುತ್ತದೆ. ಮಂಡಿ ಕಲ್ಲಿಗೆ ತಾಗಿ ರಕ್ತ ಬಂತು. "ಅಜ್ಜೀ" ಎಂದು ಕೂಗಿ ಎರಡೂ ಕೈ ನನ್ನ ಕಡೆ ಚಾಚಿದಳು. ನನ್ನ ಕೈಗಳು ನನ್ನನ್ನು ಕೇಳಲಿಲ್ಲ, ತಾವೇ ಹೋದವು. ಒಂದು ಗೇಣು ಉಳಿದಿತ್ತು. ಅವಳ ಬಾಯಿಯಿಂದ ಅಳುವಿನ ಜೊತೆ ಬಿಳಿ ಹೊಗೆ ಬರುವುದನ್ನು ಕಂಡೆ. ಚಿಕ್ಕ ಹೊಗೆ, ತೆಳ್ಳಗೆ. ಇನ್ನೊಂದು ಉಸಿರು ಆಗಲೇ ನನ್ನ ಭುಜ ಬಿಟ್ಟು ಅವಳ ಮುಖದ ಮೇಲೆ ಬಾಗಿತ್ತು.

ಕೈ ಹಿಂದೆಳೆದುಕೊಂಡೆ. "ಏಳು!" ಎಂದು ಕಿರುಚಿದೆ. "ಇಲ್ಲಿ ಬಿದ್ಕೊಂಡು ಎಂತ ಅಳುದು? ಎದ್ದು ಮನೆಗೆ ಹೋಗು. ನಾಳೆಯಿಂದ ಇಲ್ಲಿಗೆ ಬರುದು ಬೇಡ. ಹೋಗು ಅಂದೆನಲ್ಲ!" ಆ ಥರ ನಾನು ಯಾವ ಮಗುವಿಗೂ ಕಿರುಚಿದವಳಲ್ಲ. ಪಾರಿಯ ಅಳು ನಿಂತುಹೋಯಿತು. ನನ್ನನ್ನು ನೋಡಿದಳು. ಎದ್ದು, ಕುಂಟುತ್ತ, ಆಮೇಲೆ ಓಡುತ್ತ ಹೋದಳು. ಬಿಸಿಲಿಗೆ ಹೋದ ಮೇಲೆ ಅವಳ ಉಸಿರು ಕಾಣಿಸುತ್ತದೆಯೇ ಎಂದು ನೋಡುತ್ತ ನಿಂತೆ. ತೆಂಗಿನ ಮರಗಳವರೆಗೆ ಕಾಣಿಸಿತು. ಆಮೇಲೆ ಕಾಣಿಸಲಿಲ್ಲ.

ಈಗ ಯಮುನಾ ಬುತ್ತಿ ತರುತ್ತಾಳೆ. ನಿನ್ನೆ ಸ್ವಲ್ಪ ಹೊತ್ತು ನಿಂತಳು.

"ಪಾರಿಗೆ ಎಷ್ಟು ಹೇಳಿದ್ರೂ ಬರುದಿಲ್ಲ ಅಮ್ಮಾ. ಅಜ್ಜಿಗೆ ನನ್ನನ್ನು ಕಂಡ್ರೆ ಆಗುದಿಲ್ಲ ಅಂತಾಳೆ. ನಾನು ಇವತ್ತು ಕೂರ್ಸಿ ಹೇಳ್ತೇನೆ ಅವ್ಳಿಗೆ, ಹಾಗಲ್ಲ ಅಂತ."

"ಹೇಳ್ಬೇಡ" ಎಂದೆ.

"ಅಯ್ಯೋ, ಹಾಗೇ ಅಂದ್ಕೊಳ್ಲಿಯಾ?"

"ಹಾಗೇ ಅಂದ್ಕೊಳ್ಲಿ."

ಯಮುನಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಬುತ್ತಿಯ ಮುಚ್ಚಳ ತೆಗೆದೆ. ಮಂಡಿಯ ಗಾಯ ಮಾಯ್ದಿದೆಯಾ ಎಂದು ಕೇಳಿದೆ. ಮಾಯ್ದಿದೆ ಎಂದಳು.